ಪರಿಸರ ವಿಜ್ಞಾನ ಓದಬೇಕು ಅಂತ ಆಸೆ, ಅಪ್ಪ ‘ಎರಡು ದೋಣಿ ಮೇಲೆ ಕಾಲು’ ಅಂತಾರೆ. ಓದಿದವರು ಹೇಳಿ

ಹೊಸನಗರದ_ಹುಡುಗಿ · ಮೇ 4, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಈ ಸಲ ಸೆಕೆಂಡ್ ಪಿಯುಸಿ ಮುಗಿಯಿತು, ಪಿಸಿಎಂಬಿ. ಮಾರ್ಕ್ಸ್ ಚೆನ್ನಾಗಿಯೇ ಬಂದಿದೆ. ಮನೆಯಲ್ಲಿ ನರ್ಸಿಂಗ್ ಇಲ್ಲಾ ಬಿಸಿಎ ಮಾಡು ಅಂತಿದ್ದಾರೆ. ನನಗೆ ಪರಿಸರ ವಿಜ್ಞಾನದ ಆಸೆ. ಶಿವಮೊಗ್ಗದಲ್ಲಿ ಬಿಎಸ್ಸಿ ಮಾಡಿ, ಆಮೇಲೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಬೇಕು ಅಂದುಕೊಂಡಿದ್ದೇನೆ.

ಸಿಲಬಸ್ ತರಿಸಿಕೊಂಡು ನೋಡಿದೆ. ಒಂದು ಕಡೆ ನೀರು, ಮಣ್ಣು, ಸೂಕ್ಷ್ಮಜೀವಿ, ಕೆಮಿಸ್ಟ್ರಿ. ಇನ್ನೊಂದು ಕಡೆ ಕಾನೂನು, ಅರ್ಥಶಾಸ್ತ್ರ, ಊರು ಮುಳುಗಿ ಎದ್ದು ಹೋದವರ ವಿಷಯ. ಅಪ್ಪನಿಗೆ ತೋರಿಸಿದೆ. “ಎರಡು ದೋಣಿ ಮೇಲೆ ಕಾಲಿಟ್ಟ ಹಾಗಾಯ್ತಲ್ಲ ಇದು, ಒಂದನ್ನ ನೆಟ್ಟಗೆ ಓದು” ಅಂದರು. ಅವರ ಮಾತು ಪೂರ್ತಿ ತಪ್ಪು ಅಂತ ನನಗೂ ಅನಿಸುತ್ತಿಲ್ಲ.

ಆಸೆ ಹುಟ್ಟಿದ್ದು ಯಾಕೆ ಅಂತಲೂ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಪಕ್ಕದ ಊರಿನಲ್ಲಿ ಮಂಗನ ಕಾಯಿಲೆಗೆ ಮಂಗ ಸತ್ತು ಬಿತ್ತು. ಆರೋಗ್ಯ ಇಲಾಖೆಯವರು ಬಂದು ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ ಕೊಟ್ಟು, “ಕಾಡಿಗೆ ಹೋಗಬೇಡಿ” ಅಂತ ಹೇಳಿ ಹೋದರು. ಮಾರನೇ ದಿನ ಬೆಳಿಗ್ಗೆಯೇ ನಮ್ಮ ಅತ್ತೆ ಕಾಡಿಗೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೊರಟರು. ಎಣ್ಣೆ ಬಾಟಲಿ ಕಿಟಕಿಯಲ್ಲಿ ಹಾಗೇ ಇತ್ತು. ಹೋಗಬೇಡಿ ಅಂದರೂ ಇವರು ಯಾಕೆ ಹೋಗುತ್ತಾರೆ ಅನ್ನುವುದು ಯಾವ ಪುಸ್ತಕದಲ್ಲಿ ಸಿಗುತ್ತದೆ? ಬಯಾಲಜಿಯಲ್ಲಾ, ಸಮಾಜಶಾಸ್ತ್ರದಲ್ಲಾ?

ತೀರ್ಥಳ್ಳಿ_ಗಡ್ಡೆ · ಮೇ 4, ರಾತ್ರಿ 8:58

ಪರಿಸರದ ಪೇಪರ್ ಎಲ್ಲ ಡಿಗ್ರಿಯಲ್ಲೂ ಇದೆಯಲ್ಲ. ನಾವು ಬಿಕಾಂನಲ್ಲೂ ಓದಿದ್ದೇವೆ. ಅದಕ್ಕೇ ಅಂತ ಮೂರು ವರ್ಷ ಯಾಕೆ?

ಮೇಷ್ಟ್ರು_ಕೊಪ್ಪ · ಮೇ 4, ರಾತ್ರಿ 9:20

@ತೀರ್ಥಳ್ಳಿ_ಗಡ್ಡೆ, ನೀವು ಓದಿದ್ದು ‘ಪರಿಸರ ಅಧ್ಯಯನ’. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಅದರ ಮೇಲೆ ಯುಜಿಸಿ ಎಲ್ಲ ಪದವಿಗೂ 6 ತಿಂಗಳ ಪಾಠ ಇಟ್ಟಿತು. ಅದು ಎಲ್ಲರಿಗೂ ಅರಿವು ಮೂಡಲಿ ಅಂತ. ಈ ಹುಡುಗಿ ಕೇಳುತ್ತಿರುವುದು ಪರಿಸರ ವಿಜ್ಞಾನ, ಅದು ಪೂರ್ತಿ ಪದವಿಯ ವಿಷಯ. ಎಂಜಿನಿಯರಿಂಗ್‌ನವರ ಪರಿಸರ ಎಂಜಿನಿಯರಿಂಗ್ ಮತ್ತೆ ಬೇರೆ. ಮೂರೂ ಒಂದೇ ಅಂದುಕೊಂಡು ಸೇರಿ ಆಮೇಲೆ ಪೇಚಾಡಿದ ಮಕ್ಕಳನ್ನು ನೋಡಿದ್ದೇನೆ. ಅದಕ್ಕೇ ಮೊದಲೇ ಹೇಳಿದೆ.

ಮಗಳೇ, ನಿನ್ನ ಪ್ರಶ್ನೆ ಚೆನ್ನಾಗಿದೆ. ಉತ್ತರ ಓದಿದವರೇ ಕೊಡಲಿ.

ತುಂಗೆಯ_ದಡ · ಮೇ 4, ರಾತ್ರಿ 10:05

ನಾನು ಶಂಕರಘಟ್ಟದಲ್ಲಿ ಎಂಎಸ್ಸಿ ಮಾಡಿದವಳು. ನನ್ನ ಪ್ರಾಜೆಕ್ಟಿನ ಕಥೆಯನ್ನೇ ಹೇಳುತ್ತೇನೆ, ಅದರಲ್ಲೇ ಉತ್ತರ ಇದೆ.

ಬೇಸಿಗೆಯಲ್ಲಿ ತುಂಗಾ ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಅಂತ ನೋಡುವ ಕೆಲಸ. ಗಾಜನೂರಿನ ಹತ್ತಿರ ಒಂದು ಜಾಗ, ಶಿವಮೊಗ್ಗದಲ್ಲಿ ಚರಂಡಿ ಬಂದು ಹೊಳೆಗೆ ಸೇರುವಲ್ಲಿ ಒಂದು, ಕೂಡ್ಲಿಯಲ್ಲಿ ಒಂದು. 300 ಮಿ.ಲೀ. ಗಾಜಿನ ಬಾಟಲಿ. ಗಾಳಿಗುಳ್ಳೆ ಸೇರದ ಹಾಗೆ ನೀರೊಳಗೆ ಮುಳುಗಿಸಿಯೇ ಮುಚ್ಚಬೇಕು. ದಡದಲ್ಲೇ ಕೂತು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರದ ಅಯೋಡೈಡ್ ಹಾಕಬೇಕು. ನೀರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ಗಾಜನೂರಿನ ಬಾಟಲಿ ಕಾಫಿ ಡಿಕಾಕ್ಷನ್ ಹಾಗೆ ಕಂದಾಯಿತು. ಚರಂಡಿ ಬಾಯಿಯ ನೀರು ತಿಳಿ ಕಂದು. ಪರವಾಗಿಲ್ಲ, ಅಷ್ಟೇನೂ ಕೆಟ್ಟಿಲ್ಲ ಅಂತ ಬರೆದುಕೊಂಡೆ.

ಮೂರನೇ ವಾರ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಕೇಳಿದರು: “ಏನವ್ವಾ, ನೀನು ಯಾವಾಗಲೂ ಹತ್ತು ಗಂಟೆ ಮೇಲೇ ಬರ್ತೀಯಲ್ಲ. ಬೆಳಿಗ್ಗೆ ಐದಕ್ಕೆ ಬಂದು ನೋಡು. ಆಗ ಬಿಡ್ತಾರೆ.” ಏನು ಬಿಡುತ್ತಾರೆ, ಯಾರು ಬಿಡುತ್ತಾರೆ ಅಂತ ಅವರು ಹೇಳಲಿಲ್ಲ. ಮಾರನೇ ದಿನ ಐದಕ್ಕೆ ಹೋದೆ. ಆ ಬಾಟಲಿಯಲ್ಲಿ ಗಸಿ ಹಾಲಿನ ಹಾಗೆ ಬಿಳಿ. ಕೈ ನಡುಗಿತು. ಮೂರು ವಾರದ ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಹೊತ್ತು ತಪ್ಪಿತ್ತು, ಆ ಹೊತ್ತು ಗೊತ್ತಿದ್ದದ್ದು ಅಜ್ಜಿಗೆ.

ಅಲ್ಲಿಂದ ಮೇಲೆ ಎಲ್ಲಿ ಹೋದರೂ ಬಾಟಲಿ ತೆಗೆಯುವ ಮೊದಲು ಆ ದಡದಲ್ಲಿ ಯಾರು ಇರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳುತ್ತೇನೆ. ಹಾಗೆ ಕೇಳುವುದನ್ನು ನನಗೆ ಕ್ಲಾಸಿನಲ್ಲಿ ಯಾರೂ ಕಲಿಸಿರಲಿಲ್ಲ. ಸಮಾಜಶಾಸ್ತ್ರದವರು ಅದನ್ನೇ ವರ್ಷಗಟ್ಟಲೆ ಕಲಿಯುತ್ತಾರೆ.

ಭದ್ರಾ_ನಾಲೆ · ಮೇ 4, ರಾತ್ರಿ 10:31

ಕಥೆ ಚೆನ್ನಾಗಿದೆ ಅಕ್ಕ. ಆದರೆ ಒಂದು ಮಾತು. ಆ ಬಿಳಿ ಗಸಿ ಅಂದರೆ ಏನು ಅಂತ ನಿಮಗೆ ಗೊತ್ತಿತ್ತು, ಅದಕ್ಕೇ ಕೈ ನಡುಗಿತು. ಕೆಮಿಸ್ಟ್ರಿ ಗೊತ್ತಿಲ್ಲದವರು ಐದು ಗಂಟೆಗೆ ಹೋಗಿದ್ದರೂ ಬಂದ ದಾರಿಗೆ ಸುಂಕ ಇಲ್ಲ. ನಾನು ಒಂದು ಲ್ಯಾಬಿನಲ್ಲಿ ಆರು ವರ್ಷದಿಂದ ಇದ್ದೇನೆ. ಕೆಲಸಕ್ಕೆ ಅಂತ ಬರುವ ಮಕ್ಕಳು ಸುಸ್ಥಿರ ಅಭಿವೃದ್ಧಿ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಬಿಒಡಿ (ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಪರೀಕ್ಷೆ) ಹೇಗೆ ಮಾಡುತ್ತೀರಿ ಅಂದರೆ ಸುಮ್ಮನಾಗುತ್ತಾರೆ. ತಂಗಿ, ನಿಮ್ಮ ಅಪ್ಪ ಹೇಳಿದ್ದು ಸರಿ. ಮೊದಲು ಒಂದು ದೋಣಿಯಲ್ಲಿ ಗಟ್ಟಿಯಾಗಿ ಕೂರಿ.

ಎಂಎಸ್ಸಿ_ಎರಡನೇ_ವರ್ಷ · ಮೇ 4, ರಾತ್ರಿ 10:44

ಬಿಒಡಿ 20 ಡಿಗ್ರಿಯಲ್ಲಿ 5 ದಿನ ಇಡುವುದು. ಸುಲಭ ಅಣ್ಣ.

ಭದ್ರಾ_ನಾಲೆ · ಮೇ 4, ರಾತ್ರಿ 10:49

ಅದು ಹೊರಗಿನ ಪುಸ್ತಕದಲ್ಲಿ ಇರುವುದು. ನಮ್ಮ ದೇಶದ ಮಾನಕದಲ್ಲಿ 27 ಡಿಗ್ರಿಯಲ್ಲಿ 3 ದಿನ. ನಮ್ಮ ಹವೆ ಬಿಸಿ, ಸೂಕ್ಷ್ಮಜೀವಿಗಳು ಬೇಗ ಕೆಲಸ ಮಾಡುತ್ತವೆ. ಇಂಟರ್‌ವ್ಯೂನಲ್ಲಿ ಇದನ್ನೇ ಕೇಳುತ್ತಾರೆ, ನೆನಪಿಟ್ಟುಕೊಳ್ಳಿ.

ಎಂಎಸ್ಸಿ_ಎರಡನೇ_ವರ್ಷ · ಮೇ 4, ರಾತ್ರಿ 10:52

ಸರಿ ಅಣ್ಣ, ಬರೆದುಕೊಂಡೆ. ಥ್ಯಾಂಕ್ಸ್.

ಸಾಗರದ_ಸೀಮೆ · ಮೇ 5, ಬೆಳಿಗ್ಗೆ 6:50

ಮಂಗನ ಕಾಯಿಲೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. 2018ರ ಕೊನೆ, 2019ರ ಶುರುವಿನಲ್ಲಿ ಅರಳಗೋಡಿನ ಕಡೆ ಈ ಕಾಯಿಲೆ ಹಬ್ಬಿ ಏನಾಯಿತು ಅಂತ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ನಾನು ಆಗ ಆ ಕಡೆಯ ಮನೆಗಳಿಗೆ ಓಡಾಡುತ್ತಿದ್ದೆ.

ಈ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಡೀ ಲೋಕದ ವೈದ್ಯಪುಸ್ತಕದಲ್ಲಿ ಆ ಕಾಡಿನ ಹೆಸರೇ ಕಾಯಿಲೆಯ ಹೆಸರು. ವೈರಸ್ ಇರುವುದು ಉಣುಗಿನಲ್ಲಿ. ಮರಿ ಉಣುಗು ಇಲಿ, ಮೂಗಿಲಿ, ಹಕ್ಕಿ, ಮಂಗಗಳ ರಕ್ತ ಕುಡಿಯುತ್ತದೆ. ಮಂಗ ಸತ್ತರೆ ಅದರ ಮೈಯಲ್ಲಿದ್ದ ಉಣುಗೆಲ್ಲ ಆ ಸುತ್ತಲೇ ಉದುರುತ್ತದೆ. ಅಲ್ಲಿ ಕಾಲಿಟ್ಟವರಿಗೆ ಹತ್ತುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಬಲಿತ ಉಣುಗು ಹೊಟ್ಟೆ ತುಂಬಿಸಿಕೊಳ್ಳುವುದು ದನದ ಮೇಲೆ, ಆಮೇಲೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಇದಿಷ್ಟು ಜೀವಶಾಸ್ತ್ರ.

ಈಗ ನಿನ್ನ ಅತ್ತೆಯ ವಿಷಯಕ್ಕೆ ಬಾ ತಂಗಿ. ಕಾಯಿಲೆ ಜೋರಾಗುವುದು ಡಿಸೆಂಬರ್‌ನಿಂದ ಮೇ ತನಕ. ದರಕು ಒಣಗಿ ಬೀಳುವುದೂ ಅದೇ ಕಾಲ. ದರಕು ಯಾಕೆ ಬೇಕು? ಕೊಟ್ಟಿಗೆಗೆ ಹಾಸಲು. ಕೊಟ್ಟಿಗೆ ಗೊಬ್ಬರ ಯಾಕೆ ಬೇಕು? ಅಡಿಕೆ ಮರದ ಬುಡಕ್ಕೆ. ಸೊಪ್ಪಿನ ಬೆಟ್ಟದಿಂದ ತೋಟಕ್ಕೆ, ತೋಟದಿಂದ ಮನೆಗೆ. ಆ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ವರ್ಷದ ಬೆಳೆ ಹೋಯಿತು. ಕೂಲಿಗೆ ದರಕು ತರುವವರಿಗಂತೂ ಅವತ್ತಿನ ಊಟವೇ ಅದು. ‘ಕಾಡಿಗೆ ಹೋಗಬೇಡಿ’ ಅಂದರೆ ಅವರ ಕಿವಿಗೆ ‘ಉಣ್ಣಬೇಡಿ’ ಅಂದ ಹಾಗೆ ಕೇಳುತ್ತದೆ.

ಎಣ್ಣೆ ಯಾಕೆ ಹಚ್ಚಲಿಲ್ಲ ಅಂತ ನಾನು ಒಂದು ಮನೆಯಲ್ಲಿ ಕೇಳಿದೆ. ಆ ಹೆಂಗಸು ಹೇಳಿದ್ದು: “ಕೈಗೆ ಹಚ್ಚಿದ್ರೆ ದರಕು ಅಂಟ್ತದೆ, ಬೆವರು ಬಂದ್ರೆ ಉರಿ. ಮಗು ಎತ್ಕೊಳ್ಳೂಕೂ ಹೆದ್ರಿಕೆ.” ಮೂರೂ ಸರಿಯಾದ ಕಾರಣ. ಎಣ್ಣೆ ಕೊಟ್ಟವರ ವರದಿಯಲ್ಲಿ ಎಷ್ಟು ಬಾಟಲಿ ಹಂಚಿದೆವು ಅಂತ ಮಾತ್ರ ಇತ್ತು.

ಉಣುಗು ಎಣಿಸಲು ಬರುವವರೂ ಬೇಕು. ಆ ಹೆಂಗಸಿನ ಜಗಲಿಯಲ್ಲಿ ಕೂತು ಕೇಳುವವರೂ ಬೇಕು. ಇಬ್ಬರೂ ಬೇರೆ ಬೇರೆ ಜೀಪಿನಲ್ಲಿ ಬಂದು ಬೇರೆ ಬೇರೆ ವರದಿ ಬರೆದರೆ ಏನೂ ಆಗುವುದಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಹೊಸನಗರದ_ಹುಡುಗಿ · ಮೇ 5, ಬೆಳಿಗ್ಗೆ 7:30

ಅಣ್ಣ, ಇದನ್ನು ಅತ್ತೆಗೆ ಓದಿ ಹೇಳಿದೆ. ಅವರು “ಹೌದು, ನಂಗೂ ಉರಿ ಬಂದಿತ್ತು” ಅಂದರು. ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ.

ಬಾಳೆಹೊನ್ನೂರು_ಕಾಫಿ · ಮೇ 5, ಬೆಳಿಗ್ಗೆ 8:02

ಮಂಗದ ಮಾತು ಬಂತಲ್ಲ, ತೋಟಕ್ಕೆ ಬರುವ ಮಂಗಗಳಿಗೆ ಏನು ಮಾಡುತ್ತೀರಿ? ಏಲಕ್ಕಿ, ಬಾಳೆ ಒಂದೂ ಉಳಿಯುತ್ತಿಲ್ಲ.

ಸಾಗರದ_ಸೀಮೆ · ಮೇ 5, ಬೆಳಿಗ್ಗೆ 8:10

ಅದಕ್ಕೆ ಬೇರೆ ಎಳೆ ಶುರು ಮಾಡಿ ಸಾರ್, ಇಲ್ಲಿ ಬೇಡ. ಸತ್ತ ಮಂಗ ಕಂಡರೆ ಮಾತ್ರ ಮುಟ್ಟಬೇಡಿ, ಹತ್ತಿರದ ಆಸ್ಪತ್ರೆಗೆ ತಿಳಿಸಿ.

ಅಡಿಕೆ_ಅಂಗಳ · ಮೇ 5, ಮಧ್ಯಾಹ್ನ 1:15

ನಾನು ಓದಿದ್ದು ಬಿಎ. ಹದಿನೈದು ವರ್ಷದಿಂದ ತೋಟ ನೋಡುತ್ತಿದ್ದೇನೆ. ನನ್ನ ಕಡೆಯಿಂದ ಒಂದು ಉದಾಹರಣೆ ಇರಲಿ.

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತದ ನೀರು ಬೇರೆ, ಸುಣ್ಣದ ತಿಳಿ ಬೇರೆ ಮಾಡಿಕೊಂಡು ಕೂಡಿಸುತ್ತೇವೆ. ಆಕಾಶದ ಬಣ್ಣ ಬರಬೇಕು. ಅಪ್ಪ ಅದರಲ್ಲಿ ಕತ್ತಿಯ ಅಲಗು ಅದ್ದಿ ತೆಗೆಯುತ್ತಿದ್ದರು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದುವುದು. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅದು ಕೆಮಿಸ್ಟ್ರಿ ಅಂತ ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಈ ಔಷಧಿಯನ್ನು ನಮ್ಮ ಅಡಿಕೆಗೆ ತಂದವರು ಲೆಸ್ಲಿ ಕೋಲ್ಮನ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರು, ಕೆನಡಾದವರು. 1908ರಲ್ಲಿ ಮೈಸೂರಿಗೆ ಬಂದರು. ಮಳೆಯಲ್ಲಿ ತೊಳೆದು ಹೋಗದ ಹಾಗೆ ರಾಳ, ಸೋಡಾ ಸೇರಿಸಿ ಅಂಟು ಬರುವ ಹಾಗೆ ಮಾಡಿದರು. ಅದಕ್ಕೂ ಮೊದಲು ನಮ್ಮವರು ಮಾಡುತ್ತಿದ್ದದ್ದು ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದು. ಒಂದೊಂದು ಮರ ಹತ್ತಬೇಕು, ಒಂದೊಂದು ಗೊನೆಗೂ ಕಟ್ಟಬೇಕು.

ಈಗ ನನ್ನ ತಲೆಬಿಸಿ ಬೇರೆ. ತಾಮ್ರ ಎಲ್ಲೂ ಕರಗಿ ಹೋಗುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ. ನೂರು ವರ್ಷದಿಂದ ಹೊಡೆಯುತ್ತಿದ್ದೇವೆ. ತೋಟದ ಕೆಳಗೆ ಹಳ್ಳ. ಅಲ್ಲಿ ನಾನು ಹುಡುಗನಾಗಿದ್ದಾಗ ಹಿಡಿಯುತ್ತಿದ್ದ ಮೀನು ಈಗ ಕಾಣುವುದಿಲ್ಲ. ತಾಮ್ರದಿಂದಲಾ, ಕಳೆನಾಶಕದಿಂದಲಾ, ಬೇಸಿಗೆಯಲ್ಲಿ ಎಲ್ಲರೂ ಪಂಪ್ ಇಟ್ಟು ಹಳ್ಳ ಒಣಗುವುದರಿಂದಲಾ? ಯಾರೂ ನೋಡಿ ಹೇಳುವವರಿಲ್ಲ.

ನೋಡಿ ಹೇಳಿದರೂ ಔಷಧಿ ಬಿಡಲು ಆಗುತ್ತದಾ? ಮರ ಹತ್ತುವವರು ಸಿಗುವುದೇ ಎರಡು ದಿನ. ಮಳೆ ಬಿಡುವು ಕೊಡುವುದು ಅರ್ಧ ದಿನ. ಸಾಲ ತೀರಿಸಬೇಕು. ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾರಾದರೂ ಬಂದು ‘ತಾಮ್ರ ಬಿಡಿ’ ಅಂದರೆ ನಾನೇ ಕೇಳುವುದಿಲ್ಲ. ಮಣ್ಣು ಪರೀಕ್ಷೆ ಮಾಡಲು ಬಂದು, ನನ್ನ ಸಾಲದ ಪುಸ್ತಕವನ್ನೂ ತೆಗೆಸಿ ನೋಡುವವಳು ನೀನಾಗು ತಂಗಿ. ನಮ್ಮ ತೋಟದಿಂದಲೇ ಶುರು ಮಾಡು.

ಭದ್ರಾ_ನಾಲೆ · ಮೇ 5, ಮಧ್ಯಾಹ್ನ 2:40

ಹಳ್ಳದ ಕೆಸರಿನ ಸ್ಯಾಂಪಲ್ ಕಳಿಸಿ ಅಣ್ಣ, ತಾಮ್ರ ನೋಡಿ ಹೇಳುತ್ತೇನೆ. ಕಬ್ಬಿಣದ ಡಬ್ಬಿ ಬೇಡ, ಹೊಸ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ತೋಟದ ಮೇಲಿನ ಹಳ್ಳದಿಂದ ಒಂದು, ಕೆಳಗಿನಿಂದ ಒಂದು. ಎರಡೂ ಇದ್ದರೆ ಮಾತ್ರ ಹೋಲಿಸಲು ಬರುತ್ತದೆ.

ಅಡಿಕೆ_ಅಂಗಳ · ಮೇ 5, ಮಧ್ಯಾಹ್ನ 2:55

ಖಂಡಿತ ಕಳಿಸುತ್ತೇನೆ. ಮೆಸೇಜ್ ಮಾಡಿದ್ದೇನೆ, ನೋಡಿ.

ಲೆಕ್ಕ_ಬೇಕು · ಮೇ 5, ಸಂಜೆ 5:20

ಎಲ್ಲರೂ ‘ಜನರನ್ನು ಕೇಳಿ’ ಅಂತಿದ್ದೀರಿ. ನಾನು ಒಪ್ಪುವುದಿಲ್ಲ. ಜನ ಹೇಳಿದ್ದೆಲ್ಲ ನಿಜ ಅಲ್ಲ. ‘ಮೊದಲಿನ ಹಾಗೆ ಮಳೆ ಇಲ್ಲ’ ಅಂತ ನನ್ನ ಅಜ್ಜನೂ ಹೇಳುತ್ತಿದ್ದರು, ಅವರ ಅಜ್ಜನೂ ಹೇಳಿರುತ್ತಾರೆ. ಆಗುಂಬೆಯಲ್ಲಿ ಇವತ್ತಿಗೂ ವರ್ಷಕ್ಕೆ ಸುಮಾರು 7,000 ಮಿ.ಮೀ. ಸುರಿಯುತ್ತದೆ. ಅಳತೆ ಇಲ್ಲದ ಮಾತನ್ನು ವಿಜ್ಞಾನ ಅಂತ ಕರೆದರೆ ಆ ಡಿಗ್ರಿಗೆ ಬೆಲೆ ಇರುವುದಿಲ್ಲ.

ತುಂಗೆಯ_ದಡ · ಮೇ 5, ಸಂಜೆ 5:48

ಜನ ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ ಅಂತ ನಾನು ಎಲ್ಲಿ ಹೇಳಿದೆ? ಅಜ್ಜಿ ಹೇಳಿದ ಮೇಲೆ ನಾನು ಬಾಟಲಿ ತೆಗೆದುಕೊಂಡೇ ಹೋದೆ.

ಮೇಷ್ಟ್ರು_ಕೊಪ್ಪ · ಮೇ 5, ಸಂಜೆ 6:30

@ಲೆಕ್ಕ_ಬೇಕು, ಮಳೆಯ ವಿಷಯ ತೆಗೆದಿದ್ದು ಒಳ್ಳೆಯದಾಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಇದೆ. ನನ್ನ ಮಾವನವರು ನಲವತ್ತು ವರ್ಷ ಬರೆದಿದ್ದರು. ಅಂಗಳದಲ್ಲಿ ಮಳೆಮಾಪಕ, ಬೆಳಿಗ್ಗೆ ಹಲ್ಲುಜ್ಜುವ ಮೊದಲು ಅಳತೆ. ಆದರೆ ಅವರು ಬರೆದದ್ದು ಜೂನ್, ಜುಲೈ ಅಂತ ಅಲ್ಲ. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ. ಇಂಚಿನ ಲೆಕ್ಕ. ಒಂದೊಂದು ಮಳೆ ಹದಿಮೂರು-ಹದಿನಾಲ್ಕು ದಿನ.

ಒಬ್ಬ ವಿದ್ಯಾರ್ಥಿ ಆ ಪುಸ್ತಕ ಕೇಳಿಕೊಂಡು ಬಂದ. ಎರಡು ದಿನ ಕೂತು ತಿಂಗಳ ಲೆಕ್ಕಕ್ಕೆ ತಿರುಗಿಸಲು ನೋಡಿದ, ಆಗಲಿಲ್ಲ. ಆರಿದ್ರ ಹುಟ್ಟುವುದು ಜೂನ್ 21-22ರ ಸುಮಾರಿಗೆ ಅಂತ ಅವನಿಗೆ ಗೊತ್ತಿರಲಿಲ್ಲ. ನಾನು ಹಳೆಯ ಪಂಚಾಂಗಗಳನ್ನು ತೆಗೆದುಕೊಟ್ಟೆ. ಆಮೇಲೆ ಸರಿಹೋಯಿತು. ಮಾವನವರು ಸಾಯುವ ತನಕ ‘ಮಳೆ ಕಡಿಮೆಯಾಯ್ತು’ ಅಂತಿದ್ದರು. ಅವರ ಪುಸ್ತಕವೇ ಬೇರೆ ಹೇಳಿತು. ವರ್ಷದ ಒಟ್ಟು ಮಳೆ ಅಷ್ಟೇನೂ ಇಳಿದಿರಲಿಲ್ಲ. ಮೃಗಶಿರ ಸೊರಗಿ, ಪುಷ್ಯ ಜೋರಾಗಿತ್ತು. ಗದ್ದೆಗೆ ಬೀಜ ಹಾಕುವ ಹೊತ್ತಿಗೆ ಮಳೆ ಇಲ್ಲ ಅನ್ನುವುದನ್ನೇ ಅವರು ‘ಕಡಿಮೆ’ ಅಂತಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಳತೆ ಇಲ್ಲದಿದ್ದರೆ ಆ ಮಾತಿನ ಅರ್ಥ ಮಾತ್ರ ಸಿಗುತ್ತಿರಲಿಲ್ಲ.

ಲೆಕ್ಕ_ಬೇಕು · ಮೇ 5, ಸಂಜೆ 6:52

ಇದು ಒಪ್ಪುವ ಮಾತು ಸಾರ್. ಆ ಪುಸ್ತಕ ಈಗ ಎಲ್ಲಿದೆ? ಫೋಟೊ ತೆಗೆದಿಟ್ಟಿದ್ದೀರಾ? ಗೆದ್ದಲು ಹಿಡಿದರೆ ಹೋಯಿತು.

ಮೇಷ್ಟ್ರು_ಕೊಪ್ಪ · ಮೇ 5, ಸಂಜೆ 7:05

ಎರಡು ಪುಸ್ತಕಕ್ಕೆ ಆಗಲೇ ಗೆದ್ದಲು ಹಿಡಿದಿತ್ತು. ಉಳಿದದ್ದರ ಫೋಟೊ ಆಗಿದೆ.

ಘಟ್ಟದ_ಮೇಲೆ · ಮೇ 5, ರಾತ್ರಿ 9:10

ಈ ಪರಿಸರ ಓದಿದವರಿಂದಲೇ ನಮಗೆ ಪಶ್ಚಿಮ ಘಟ್ಟದ ಮೇಲಿನ ಕಸ್ತೂರಿರಂಗನ್ ವರದಿ ಬಂದದ್ದು. ರಾಜ್ಯದಲ್ಲಿ 20,668 ಚದರ ಕಿ.ಮೀ. ಪರಿಸರ ಸೂಕ್ಷ್ಮ ಪ್ರದೇಶ ಅಂತ ಗೆರೆ ಎಳೆದರು. ನಮ್ಮ ಊರೂ ಒಳಗೆ ಬಂತು. ಯಾರು ಬಂದು ನಮ್ಮನ್ನು ಕೇಳಿದರು?

ತುಂಗೆಯ_ದಡ · ಮೇ 5, ರಾತ್ರಿ 9:25

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ಹುಡುಗಿಯ ಪ್ರಶ್ನೆಗೂ ಅದಕ್ಕೂ ನೇರ ಸಂಬಂಧ ಇದೆ. 2013ರ ಆ ವರದಿಯಲ್ಲಿ ಉಪಗ್ರಹ ಚಿತ್ರ ನೋಡಿ ನೈಸರ್ಗಿಕ ಭೂಪ್ರದೇಶ, ಜನವಸತಿ ಕೃಷಿ ಇರುವ ಭೂಪ್ರದೇಶ ಅಂತ ಎರಡು ಭಾಗ ಮಾಡಿದರು. ಒಂದು ಹಳ್ಳಿಯಲ್ಲಿ ಶೇ 20ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಜಾಗ ಸೂಕ್ಷ್ಮ ಅಂತ ಕಂಡರೆ ಇಡೀ ಹಳ್ಳಿಯ ಹೆಸರು ಪಟ್ಟಿಗೆ ಸೇರಿತು. ಮೇಲಿನಿಂದ ನೋಡಿದರೆ ಅಡಿಕೆ ತೋಟವೂ ಹಸಿರು, ಕಾಡೂ ಹಸಿರು, ಅಕೇಶಿಯಾ ನೆಡುತೋಪೂ ಹಸಿರು. ಇಲ್ಲಿ ಓಡಾಡಿದವರಿಗೆ ಮಾತ್ರ ಮೂರೂ ಬೇರೆ ಅಂತ ಗೊತ್ತು.

ಅದಕ್ಕೂ ಮೊದಲು, 2011ರಲ್ಲಿ ಬಂದ ಗಾಡ್ಗೀಳ್ ಸಮಿತಿ ವರದಿ ಗ್ರಾಮಸಭೆಗಳೇ ತೀರ್ಮಾನ ಮಾಡಲಿ ಅಂತ ಹೇಳಿತ್ತು. ಅದನ್ನು ಓದಿ ಬೈದವರಿಗಿಂತ ಓದದೆ ಬೈದವರೇ ಜಾಸ್ತಿ.

ಘಟ್ಟದ_ಮೇಲೆ · ಮೇ 5, ರಾತ್ರಿ 9:31

ನಾನು ಓದಿದ್ದೇನೆ, ಸುಮ್ನೆ ಹೇಳುತ್ತಿಲ್ಲ. ಕನ್ನಡದಲ್ಲಿ ಸರಿಯಾದ ಹೊತ್ತಿಗೆ ನಮ್ಮ ಪಂಚಾಯಿತಿಗೆ ಸಿಕ್ಕಿದ್ದರೆ ಎಲ್ಲರೂ ಓದುತ್ತಿದ್ದರು.

ತುಂಗೆಯ_ದಡ · ಮೇ 5, ರಾತ್ರಿ 9:36

ಅದು ನಿಜ. ಆ ಮಾತು ಒಪ್ಪುತ್ತೇನೆ. ಓದದೆ ಅಂದಿದ್ದು ನಿಮಗೆ ಅಲ್ಲ, ಬೇಸರ ಮಾಡಿಕೊಳ್ಳಬೇಡಿ.

ನಿರ್ವಾಹಕರು · ಮೇ 5, ರಾತ್ರಿ 9:40

ವರದಿಯ ಬಗ್ಗೆ ಹಳೆಯ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಓದಿನ ವಿಷಯ ಇರಲಿ.

ತುಮರಿ_ದ್ವೀಪ · ಮೇ 6, ಬೆಳಿಗ್ಗೆ 7:15

ನಮ್ಮ ಅಜ್ಜನ ಮನೆ ಎರಡು ಸಲ ಮುಳುಗಿತು. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಗೆ ಒಮ್ಮೆ, 1964ರಲ್ಲಿ ಲಿಂಗನಮಕ್ಕಿಗೆ ಇನ್ನೊಮ್ಮೆ. ನೀರು ತೀರಾ ಇಳಿದ ವರ್ಷ ಹಳೇ ಅಣೆಕಟ್ಟು ಎದ್ದು ಕಾಣುತ್ತದೆ. ಅಜ್ಜಿ ಹೋಗಿ ನೋಡಿ ಬರುತ್ತಿದ್ದರು. ಹಕ್ಕುಪತ್ರಕ್ಕೆ ಇವತ್ತಿಗೂ ಓಡಾಡುವ ಕುಟುಂಬಗಳು ನಮ್ಮ ಸುತ್ತ ಇವೆ.

ನಾನು ಡಿಗ್ರಿಯಲ್ಲಿ ಓದಿದ ಪುಸ್ತಕದಲ್ಲಿ ಶರಾವತಿ ಅಂದರೆ 1,035 ಮೆಗಾವಾಟ್ ಅಂತ ಒಂದು ಸಾಲು ಇತ್ತು. ಜಲವಿದ್ಯುತ್ ಶುದ್ಧ ಶಕ್ತಿ ಅಂತ ಇನ್ನೊಂದು ಸಾಲು. ಪರೀಕ್ಷೆಯಲ್ಲಿ ಹಾಗೇ ಬರೆದೆ, ಪೂರ್ತಿ ಮಾರ್ಕ್ಸ್ ಬಂತು. ಮನೆಗೆ ಬಂದು ಅಜ್ಜಿಯ ಮುಖ ನೋಡಲು ಆಗಲಿಲ್ಲ. ತಂಗಿ, ನೀವು ನೋಡಿದ ಸಿಲಬಸ್‌ನಲ್ಲಿ ಮುಳುಗಡೆಯ ಪಾಠ ಇದೆ ಅಂದಿರಲ್ಲ, ಅದನ್ನು ‘ಇನ್ನೊಂದು ದೋಣಿ’ ಅಂತ ಬಿಡಬೇಡಿ.

ಜೋಗ_ರಸ್ತೆ · ಮೇ 6, ಬೆಳಿಗ್ಗೆ 7:40

ತುಮರಿಯವರೇ, ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆದ ಮೇಲೆ ಓಡಾಟ ಹೇಗಿದೆ? ಲಾಂಚ್ ಕಾಯುವುದು ತಪ್ಪಿತಲ್ಲ.

ತುಮರಿ_ದ್ವೀಪ · ಮೇ 6, ಬೆಳಿಗ್ಗೆ 7:52

ಜುಲೈ 2025ರಿಂದ ಸೇತುವೆ ಮೇಲೆ ಓಡಾಟ. ಕಾಲೇಜಿಗೆ ಹೋಗುವ ಮಕ್ಕಳಿಗೆ ದೊಡ್ಡ ಅನುಕೂಲ. ನಾವು ಸಂಜೆ ಕೊನೇ ಲಾಂಚ್ ತಪ್ಪಿದರೆ ದಡದಲ್ಲೇ ಉಳಿಯಬೇಕಿತ್ತು. ಪ್ರಾಕ್ಟಿಕಲ್ ಇದ್ದ ದಿನ ಅರ್ಧಕ್ಕೇ ಎದ್ದು ಓಡಿ ಬಂದಿದ್ದೇನೆ. ಈಗ ಪ್ರವಾಸಿಗರ ಗಾಡಿ, ಪ್ಲಾಸ್ಟಿಕ್ ಎರಡೂ ಜಾಸ್ತಿಯಾಗಿದೆ, ಅದು ಬೇರೆ ಮಾತು.

ಹೊಸನಗರದ_ಹುಡುಗಿ · ಮೇ 6, ಸಂಜೆ 6:10

ಇಷ್ಟೊಂದು ಬರೆದಿದ್ದೀರಿ, ಎಲ್ಲವನ್ನೂ ಓದಿದೆ. ಅಪ್ಪನಿಗೂ ಓದಿಸಿದೆ. ಕತ್ತಿ ಅದ್ದುವ ಮಾತು ಬಂದಾಗ ಅಪ್ಪ “ನಾನೂ ಹಾಗೇ ಮಾಡೋದು” ಅಂದರು. ಆಮೇಲೆ “ಎಲ್ಲ ಸರಿ, ಕೆಲಸ ಎಲ್ಲಿ ಸಿಗ್ತದೆ ಕೇಳು” ಅಂದರು. ದಯವಿಟ್ಟು ಹೇಳಿ.

ಕಾಡುಕೆಲಸ · ಮೇ 6, ಸಂಜೆ 6:35

ಕೆಲಸವೇ ಮುಖ್ಯ ಅಂದರೆ ಬಿಎಸ್ಸಿ ಫಾರೆಸ್ಟ್ರಿ ನೋಡಿ. ಪೊನ್ನಂಪೇಟೆ, ಶಿರಸಿ ಎರಡು ಕಡೆ ಕಾಲೇಜು ಇದೆ. ಸೀಟು ಸಿಇಟಿಯಿಂದ. ಅರಣ್ಯ ಇಲಾಖೆಯ ಪರೀಕ್ಷೆಗೆ ಅನುಕೂಲ.

ಭದ್ರಾ_ನಾಲೆ · ಮೇ 6, ರಾತ್ರಿ 8:15

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬರೀ ಬಿಎಸ್ಸಿ ಮುಗಿಸಿದ ಕೂಡಲೇ ಶಿವಮೊಗ್ಗದಲ್ಲೇ ಒಳ್ಳೆಯ ಸಂಬಳದ ಕೆಲಸ ಸಿಗುವುದು ಕಷ್ಟ. ಎಂಎಸ್ಸಿ ಮಾಡಲೇಬೇಕು. ಆಮೇಲೆ ನೀರು, ಮಣ್ಣು ಪರೀಕ್ಷೆಯ ಲ್ಯಾಬು, ಕಾರ್ಖಾನೆಗಳ ತ್ಯಾಜ್ಯನೀರು ಘಟಕ, ಪರಿಸರ ಪರಿಣಾಮ ಅಧ್ಯಯನ ಮಾಡುವ ಸಂಸ್ಥೆಗಳು. ಜಾಸ್ತಿ ಇರುವುದು ಬೆಂಗಳೂರಿನಲ್ಲಿ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಪರಿಸರ ಅಧಿಕಾರಿ ಹುದ್ದೆಗೆ ಎಂಜಿನಿಯರಿಂಗ್ ಓದಿದವರು, ಪ್ರಯೋಗಾಲಯದ ಹುದ್ದೆಗೆ ಎಂಎಸ್ಸಿಯವರು. ಅಧಿಸೂಚನೆ ಬಂದಾಗ ಅರ್ಹತೆ ಸರಿಯಾಗಿ ಓದಿ. ಪಾಠ ಮಾಡುವ ಆಸೆ ಇದ್ದರೆ ಯುಜಿಸಿ ನೆಟ್‌ನಲ್ಲಿ ಪರಿಸರ ವಿಜ್ಞಾನ ಒಂದು ವಿಷಯವಾಗಿಯೇ ಇದೆ. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ಪಿಎಚ್‌ಡಿಗೆ ದುಡ್ಡಿನ ಚಿಂತೆ ಇಲ್ಲ.

ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಬಿಡಬೇಡಿ. ಇದೊಂದು ಮಾತು ಕೇಳಿ.

ಸಾಗರದ_ಸೀಮೆ · ಮೇ 6, ರಾತ್ರಿ 8:50

ಇನ್ನೊಂದು ಕೆಲಸ ಇದೆ, ಅದಕ್ಕೆ ಜನ ಸಾಲುತ್ತಿಲ್ಲ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. 30 ದಿನ ಮೊದಲು ತಿಳಿಸಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ನಾನು ಒಂದು ಸಭೆಗೆ ಹೋಗಿದ್ದೆ. ಆ ಕನ್ನಡ ಸಾರಾಂಶ ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಊರಿನ ಹಿರಿಯರೊಬ್ಬರು ಎದ್ದು “ನಮ್ಮ ಬಾವಿ ನೀರು ಇಳಿಯುತ್ತೋ ಇಲ್ವೋ, ಅದನ್ನ ಹೇಳಿ” ಅಂದರು. ವೇದಿಕೆ ಮೇಲಿದ್ದವರು ಪುಟ ತಿರುವಿದರು. ಉತ್ತರ ಕೋಷ್ಟಕದಲ್ಲಿ ಇತ್ತು. ಅದನ್ನು ನಮ್ಮ ಮಾತಿನಲ್ಲಿ ಹೇಳುವವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಕೋಷ್ಟಕ ಓದಲೂ ಬರಬೇಕು, ಆ ಹಿರಿಯರ ಜೊತೆ ಮಾತಾಡಲೂ ಬರಬೇಕು.

ಹೊಸನಗರದ_ಹುಡುಗಿ · ಮೇ 8, ರಾತ್ರಿ 8:20

ಅಪ್ಪ ಒಪ್ಪಿದರು. ಬಿಎಸ್ಸಿಗೆ ಕೆಮಿಸ್ಟ್ರಿ ಮತ್ತೆ ಪರಿಸರ ವಿಜ್ಞಾನ ಎರಡೂ ಇರುವ ಕಡೆ ಅರ್ಜಿ ಹಾಕುತ್ತೇನೆ. ರಜೆಯಲ್ಲಿ ಅತ್ತೆಯ ಜೊತೆ ದರಕಿಗೆ ಹೋಗುವ ಏಳು ಮನೆಯವರನ್ನು ಮಾತಾಡಿಸಿ ಬರೆದುಕೊಳ್ಳಲು ಶುರು ಮಾಡಿದ್ದೇನೆ. ಎಷ್ಟು ಹೊತ್ತಿಗೆ ಹೋಗುತ್ತಾರೆ, ಎಲ್ಲಿಗೆ, ಬಂದ ಮೇಲೆ ಸ್ನಾನ ಮಾಡುತ್ತಾರಾ, ಬಟ್ಟೆ ಎಲ್ಲಿ ಇಡುತ್ತಾರೆ. ಇನ್ನೇನು ಕೇಳಬೇಕು?

ಸಾಗರದ_ಸೀಮೆ · ಮೇ 8, ರಾತ್ರಿ 8:41

ದರಕಿನ ರಾಶಿ ಮನೆಯಿಂದ ಎಷ್ಟು ದೂರ ಹಾಕುತ್ತಾರೆ, ಅದರ ಮೇಲೆ ಮಕ್ಕಳು ಆಡುತ್ತಾರಾ ಅಂತ ಕೇಳು. ನೀನು ಹೋಗುವಾಗ ಎಣ್ಣೆ ಹಚ್ಚಿಕೊಂಡು, ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕಿಕೊಂಡೇ ಹೋಗು. ಬಂದ ಕೂಡಲೇ ಬಿಸಿನೀರು, ಸೋಪು.

ತುಂಗೆಯ_ದಡ · ಮೇ 8, ರಾತ್ರಿ 9:02

ಹುಡುಗಿ, ಮಳೆ ಹಿಡಿಯುವ ಮೊದಲು ಈ ಭಾನುವಾರ ನಾನು ಮತ್ತೆ ಹೊಳೆಗೆ ಹೋಗುತ್ತಿದ್ದೇನೆ. ಬಾಟಲಿ ಹಿಡಿಯಲು ಒಂದು ಕೈ ಬೇಕು. ಬರುತ್ತೀಯಾ?

ಹೊಸನಗರದ_ಹುಡುಗಿ · ಮೇ 8, ರಾತ್ರಿ 9:06

ಬರುತ್ತೇನೆ ಅಕ್ಕ! ಆದರೆ ನಮ್ಮೂರಿನ ಮೊದಲ ಬಸ್ಸು ಹತ್ತಿದರೂ ಐದಕ್ಕೆ ಶಿವಮೊಗ್ಗ ಮುಟ್ಟುವುದಿಲ್ಲ.

ತುಂಗೆಯ_ದಡ · ಮೇ 8, ರಾತ್ರಿ 9:10

ಶನಿವಾರ ಸಂಜೆಯೇ ನಮ್ಮ ಮನೆಗೆ ಬಾ. ನಿಮ್ಮ ಅಮ್ಮನ ಹತ್ತಿರ ನಾನೇ ಮಾತಾಡುತ್ತೇನೆ. ನಾಲ್ಕೂಕಾಲಿಗೆ ಏಳಬೇಕು. ಅಜ್ಜಿಗೆ ಎಲೆ ಅಡಿಕೆ ತೆಗೆದುಕೊಂಡು ಹೋಗೋಣ.